ಸರ ಕಿತ್ತುಕೊಂಡು ಓಡಿದ್ರ ಯಾವ ಕಲಂ? ಕಳವು, ಸ್ನ್ಯಾಚಿಂಗ್, ದರೋಡೆ ನಡುವಿನ ಗೆರೆ ಎಲ್ಲೈತಿ?

ಅರ್ಜಿ ಬರಿಯಾಂವ, ಹುಬ್ಬಳ್ಳಿ

ಕಾನೂನು ಬಲ್ಲವರು ಒಂದೀಟು ಬಿಡಿಸಿ ಹೇಳ್ರಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕಲಮಿನ ನಂಬರ್ ಬದಲಾದ್ವು, ಅದು ಹೆಂಗರ ರೂಢಿ ಆಗತೈತಿ. ಆದ್ರ ಕಳವು ಮತ್ತ ದರೋಡೆ ನಡುವ ‘ಸ್ನ್ಯಾಚಿಂಗ್’ ಅಂತ ಒಂದು ಹೊಸ ಮೆಟ್ಟಲಾ ಬಂದು ಕುಂತೈತಿ. ಫಿರ್ಯಾದಿ ಬರದುಕೊಡೋರಿಗೆ ಈಗ ಅದ ದೊಡ್ಡ ಗೊಂದಲ. ಒಂದ ನಮೂನಿ ಘಟನೆಗೆ ಒಂದು ಕಡೆ 304 (ಸ್ನ್ಯಾಚಿಂಗ್) ಹಾಕ್ತಾರ, ಇನ್ನೊಂದು ಕಡೆ 309(4) (ದರೋಡೆ) ಹಾಕ್ತಾರ.

ಉದಾಹರಣೆಗೆ ತಗೋರಿ. ವಿದ್ಯಾನಗರದಾಗ ಮುಂಜಾನೆ ವಾಕಿಂಗ್ ಹೊಂಟ ಹೆಣ್ಣುಮಗಳ ಕೊಳ್ಳಾಗಿನ ಎರಡು ತೊಲಿ ಸರ ಹಿಂದಿನಿಂದ ಬೈಕ್ ಮ್ಯಾಲೆ ಬಂದು ಕಿತ್ತುಕೊಂಡು ಹೋದ್ರ ಏನು? ಸಿಬಿಟಿಯೊಳಗ (ಸಿಟಿ ಬಸ್ ನಿಲ್ದಾಣ) ಬಸ್ ಹತ್ತೋ ಗದ್ದಲದಾಗ ಬ್ಲೇಡ್ ಹಾಕಿ ಪರ್ಸ್ ತಗದ್ರ? ದುರ್ಗದ ಬೈಲ್ ಕಡೆ ಅಂಗಡಿಯಾಗ ಮೊಬೈಲ್ ಎತ್ತಿಕೊಂಡು ಓಡುವಾಗ ಅಂಗಡಿಯವರನ್ನ ದಬ್ಬಿ ಕೆಡವಿದ್ರ? ಗಬ್ಬೂರ ಬೈಪಾಸಿನ್ಯಾಗ ರಾತ್ರಿ ಲಾರಿ ನಿಲ್ಲಿಸಿ ಚಾಕು ತೋರಿಸಿ 12,000 ರೊಕ್ಕ ಕಸ್ಕೊಂಡ್ರ?

ಕಲಂ ಹಾಕೋದು ಪೊಲೀಸರ ಕೆಲಸ, ಖರೆ. ಆದ್ರ ಅರ್ಜಿಯೊಳಗ ಏನು ಬರದಿರ್ತೀವಿ ಅದರ ಮ್ಯಾಲನ ಕಲಂ ಬೀಳತೈತಿ. ಗೆರೆ ಎಲ್ಲೈತಿ, ಬರಿಯೋವಾಗ ಯಾವ ಮಾತು ಬಿಡಬಾರದು ಅಂತ ಹೇಳ್ರಿ.

ಕೋರ್ಟ್ ಸರ್ಕಲ್

ಮೊದಲು ಪದದ ತೊಡಕು ಬಿಡಿಸಿಕೊಳ್ಳೋಣ, ಇಲ್ಲದಿದ್ದರೆ ಮುಂದಿನದೆಲ್ಲ ಕಲಸಿಹೋಗುತ್ತದೆ. ನಮ್ಮ ಪತ್ರಿಕೆಗಳಲ್ಲಿ ಸುಲಿಗೆ, ದರೋಡೆ ಎರಡನ್ನೂ ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿ ಬರೆಯುತ್ತಾರೆ. ಮನೆ ಬೀಗ ಮುರಿದದ್ದಕ್ಕೂ ಒಮ್ಮೊಮ್ಮೆ ದರೋಡೆ ಅಂತಲೇ ತಲೆಬರಹ. ನಾನಿಲ್ಲಿ ದರೋಡೆ ಅಂದರೆ ರಾಬರಿ (ಕಲಂ 309), ಸುಲಿಗೆ ಅಂದರೆ ಎಕ್ಸ್‌ಟಾರ್ಷನ್ (ಕಲಂ 308), ಡಕಾಯಿತಿ ಅಂದರೆ ಐದು ಅಥವಾ ಹೆಚ್ಚು ಜನ ಕೂಡಿ ಮಾಡಿದ ದರೋಡೆ (ಕಲಂ 310) ಎಂದು ಹಿಡಿದು ಬರೆಯುತ್ತೇನೆ. ನಿಮ್ಮ ಅರ್ಜಿಯಲ್ಲಿ ಮಾತ್ರ ಇವ್ಯಾವ ಪದವನ್ನೂ ಹಾಕಬೇಡಿ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯಿರಿ.

ಕಳವಿಗೆ ಕಲಂ 303. ಚರ ವಸ್ತು ಆಗಿರಬೇಕು, ಇನ್ನೊಬ್ಬರ ವಶದಲ್ಲಿರಬೇಕು, ಅವರ ಒಪ್ಪಿಗೆ ಇರಬಾರದು, ತೆಗೆದುಕೊಳ್ಳುವವನ ಮನಸ್ಸಿನಲ್ಲಿ ಅಪ್ರಾಮಾಣಿಕ ಉದ್ದೇಶ ಇರಬೇಕು, ಆ ಉದ್ದೇಶದಿಂದ ವಸ್ತುವನ್ನು ಇದ್ದ ಜಾಗದಿಂದ ಸರಿಸಿರಬೇಕು. ಒಂದು ಗೇಣು ಸರಿಸಿದರೂ ಸಾಕು, ಅಂಗಡಿಯ ಹೊಸ್ತಿಲು ದಾಟಲೇಬೇಕು ಅಂತಿಲ್ಲ. ಇಲ್ಲಿ ಮಾಲೀಕತ್ವಕ್ಕಿಂತ ವಶ ಮುಖ್ಯ. ರಿಪೇರಿಗೆ ಕೊಟ್ಟ ಮೊಬೈಲನ್ನು ಅಂಗಡಿಯಿಂದ ಯಾರಾದರೂ ಎತ್ತಿದರೆ, ಅದು ಅಂಗಡಿಯವರ ವಶದಿಂದ ಆದ ಕಳವು. ಅವರೇ ಫಿರ್ಯಾದಿ ಕೊಡಬಹುದು.

ದರೋಡೆ ಬೇರೆಯೇ ಜಾತಿಯ ಅಪರಾಧವಲ್ಲ. ಪ್ರತಿ ದರೋಡೆಯ ಹೊಟ್ಟೆಯೊಳಗೆ ಒಂದು ಕಳವೋ ಒಂದು ಸುಲಿಗೆಯೋ ಇದ್ದೇ ಇರುತ್ತದೆ. 309(1) ಹೇಳುವುದೂ ಇದನ್ನೇ. ಕಳವು ದರೋಡೆಯಾಗುವುದು ಹೇಗೆಂದರೆ: ಕಳವು ಮಾಡಲಿಕ್ಕೆಂದು, ಅಥವಾ ಮಾಡುತ್ತಿರುವಾಗ, ಅಥವಾ ಕದ್ದ ಮಾಲನ್ನು ಒಯ್ಯುವಾಗ ಇಲ್ಲವೇ ಒಯ್ಯಲು ಯತ್ನಿಸುವಾಗ, ಆ ಉದ್ದೇಶಕ್ಕಾಗಿಯೇ ಯಾರಿಗಾದರೂ ಸಾವು, ಗಾಯ ಅಥವಾ ಅಕ್ರಮ ತಡೆ ಉಂಟುಮಾಡಿರಬೇಕು, ಉಂಟುಮಾಡಲು ಯತ್ನಿಸಿರಬೇಕು, ಇಲ್ಲವೇ ಈಗಿಂದೀಗಲೇ ಅವು ಆಗುತ್ತವೆ ಎಂಬ ಭಯ ಹುಟ್ಟಿಸಿರಬೇಕು. ವಸ್ತುವಿನ ಬೆಲೆ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನೂರು ರೂಪಾಯಿಗೆ ಚಾಕು ತೋರಿಸಿದರೂ ದರೋಡೆಯೇ, ಹತ್ತು ಲಕ್ಷ ಸದ್ದಿಲ್ಲದೆ ಎತ್ತಿದರೂ ಕಳವೇ.

‘ಆ ಉದ್ದೇಶಕ್ಕಾಗಿ’ ಎಂಬ ಮಾತು ಕಲಮಿನ ಕೀಲು. ಇಂಥ ಪ್ರಕರಣಗಳು ಗಟ್ಟಿಯಾಗುವುದೂ ಅಲ್ಲೇ, ಸಡಿಲಾಗುವುದೂ ಅಲ್ಲೇ. ಕರ್ನಾಟಕದಿಂದಲೇ ಹೋದ ಒಂದು ಅಪೀಲಿನಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಇದನ್ನು ಬಿಡಿಸಿ ಹೇಳಿದೆ: ಗಾಯ ಮಾಡಿದ್ದು ಕಳವಿಗೆ ಅನುಕೂಲವಾಗಲಿ ಎಂದೇ, ಅಥವಾ ಮಾಲು ಒಯ್ಯಲಿಕ್ಕೆಂದೇ ಇರಬೇಕು.

ನಿಮ್ಮ ಅಂಗಡಿಯ ಉದಾಹರಣೆಯನ್ನೇ ಹತ್ತಿರದಿಂದ ನೋಡಿ. ಹುಡುಗ ಕೌಂಟರಿನ ಮೇಲಿನ ಮೊಬೈಲ್ ಎತ್ತಿ ಓಡಿದ. ಅಲ್ಲಿಯ ತನಕ ಕಳವು. ಅಂಗಡಿಯವರು ಬೆನ್ನು ಹತ್ತಿ ಅಂಗಿ ಹಿಡಿದರು. ಮೊಬೈಲ್ ಕೈಯಲ್ಲಿ ಇರುವಾಗಲೇ ಅವನು ಅವರ ಎದೆಗೆ ಗುದ್ದಿ ಬಿಡಿಸಿಕೊಂಡು ಓಡಿದರೆ, ಗುದ್ದಿದ್ದು ಮಾಲು ಒಯ್ಯಲಿಕ್ಕೆ, ಅದು ದರೋಡೆ. ಅದೇ ಹುಡುಗ ಅಂಗಿ ಹಿಡಿದ ಕೂಡಲೇ ಮೊಬೈಲನ್ನು ನೆಲಕ್ಕೆ ಬಿಸಾಡಿ, ಆಮೇಲೆ ಗುದ್ದಿ ಓಡಿದರೆ, ಗುದ್ದಿದ್ದು ತನ್ನನ್ನು ಉಳಿಸಿಕೊಳ್ಳಲಿಕ್ಕೆ. ಆಗ 303(2) ಒಂದು, ಗಾಯ ಮಾಡಿದ್ದಕ್ಕೆ 115(2) ಇನ್ನೊಂದು. ದರೋಡೆ ಅಲ್ಲ. ಅದೇ ಜಾಗ, ಅದೇ ಗುದ್ದು. ಗುದ್ದುವಾಗ ಮೊಬೈಲ್ ಎಲ್ಲಿತ್ತು ಎಂಬುದೊಂದೇ ಬೇರೆ. ಮೊದಲನೆಯದಕ್ಕೆ ಜೀವಾವಧಿ ಇಲ್ಲವೇ ಹತ್ತು ವರ್ಷದವರೆಗಿನ ಕಲಂ, ಎರಡನೆಯದರಲ್ಲಿ ಕಳವಿಗೆ ಮೂರು ವರ್ಷ, ಗಾಯಕ್ಕೆ ಒಂದು ವರ್ಷ.

ಸುಲಿಗೆಯ ದಾರಿಯಿಂದ ದರೋಡೆಗೆ ಬರಲು ಇನ್ನೂ ಎರಡು ಮಾತು ಬೇಕು: ಹೆದರಿಸುವವನು ಎದುರಿಗೇ ಇರಬೇಕು, ಹೆದರಿದವರು ಅಲ್ಲೇ ಆಗಲೇ ವಸ್ತು ಕೊಟ್ಟಿರಬೇಕು. ‘ನಾಳೆಯೊಳಗೆ 50,000 ಕಳಿಸು, ಇಲ್ಲದಿದ್ದರೆ ಮಗನಿಗೆ ಏನಾದರೂ ಆಗುತ್ತದೆ’ ಎಂದು ಫೋನಿನಲ್ಲಿ ಹೆದರಿಸಿ ಹಣ ತರಿಸಿಕೊಂಡರೆ ಅದು 308, ಏಳು ವರ್ಷದವರೆಗೆ. ಅದೇ ಮಗನ ಕುತ್ತಿಗೆಗೆ ಚಾಕು ಹಿಡಿದು ಕಿಸೆಯಲ್ಲಿದ್ದದ್ದನ್ನು ಅಲ್ಲೇ ತೆಗೆಸಿಕೊಂಡರೆ 309.

ಸಪ್ತಾಪುರ, ಧಾರವಾಡ

ಮ್ಯಾಲಿನ ಸಾಹೇಬ್ರು ಹೇಳಿದ್ದು ಸರಿ ಅದ. ಸರದ ಮಾತು ಬಿಟ್ಟಾರ, ಅದನ್ನ ನಾ ಹೇಳ್ತೀನಿ, ಯಾಕಂದ್ರ ನಮ್ಮ ಎರಡೂ ಊರಾಗ ಹೆಚ್ಚು ತಂಟೆ ಬರೋದು ಅಲ್ಲೇ.

ಮೊದಲು ಐಪಿಸಿ ಒಳಗ ಸರಗಳ್ಳತನಕ್ಕ ಅಂತ ಬ್ಯಾರೆ ಕಲಂ ಇರಲಿಲ್ಲ. 379 (ಕಳವು), 356 (ಮೈಮ್ಯಾಲಿನ ವಸ್ತು ಕದೀಲಿಕ್ಕೆ ಕೈ ಮಾಡೋದು), 392 (ದರೋಡೆ) ಈ ಮೂರರ ನಡುವ ಓಡಾಟ ಇತ್ತು. ಈಗ 304 ಬಂದದ. ಕಳವು ಮಾಡ್ಲಿಕ್ಕೆ ಅಂತ ಏಕಾಏಕಿ, ಇಲ್ಲಾ ಚುರುಕಿಲೆ, ಇಲ್ಲಾ ಬಲವಂತದಿಂದ ಒಬ್ಬರ ಕಡಿಂದ ಚರ ವಸ್ತು ಹಿಡದು ಜಗ್ಗಿ ಒಯ್ಯೋದು ಸ್ನ್ಯಾಚಿಂಗ್. ಶಿಕ್ಷೆ ಮೂರು ವರ್ಷದ ತನಕ ಜೈಲು ಮತ್ತು ದಂಡ. ಬರೇ ಕಳವಿಗೂ ಮೂರು ವರ್ಷನ ಅದಲ್ಲಾ, ಫರಕ್ ಏನು ಅಂತ ಕೇಳಬಹುದು. 303(2)ರಾಗ ‘ಜೈಲು, ಅಥವಾ ದಂಡ, ಅಥವಾ ಎರಡೂ’ ಅಂತದ. ಬರೇ ದಂಡ ಹಾಕಿ ಬಿಡ್ಲಿಕ್ಕೆ ಬರ್ತದ. 304ರಾಗ ‘ಮತ್ತು’ ಅದ, ಜೈಲು ತಪ್ಪೂದಿಲ್ಲ.

304ಕ್ಕೂ 309ಕ್ಕೂ ಗೆರೆ ಹೆಂಗ ಎಳೀಬೇಕು? ಬಲ ಬಿದ್ದದ್ದು ಸರದ ಮ್ಯಾಲೋ, ಮನಶ್ಯಾರ ಮ್ಯಾಲೋ ಅಂತ ನೋಡ್ರಿ. ಹಿಂದಿಂದ ಬಂದು ಒಂದ ಎಳತಕ್ಕ ಸರ ಕಡದು ಒಯ್ದ, ಆಕಿಗೆ ತಿರುಗಿ ನೋಡ್ಲಿಕ್ಕೂ ಹೊತ್ತು ಸಿಗಲಿಲ್ಲ ಅಂದ್ರ ಅದು 304. ಆಕಿ ಸರ ಗಟ್ಟಿ ಹಿಡಕೊಂಡ್ಳು, ಬೈಕಿನಾಂವ ಹಂಗ ಜಗ್ಗಿ ಎಳದ, ಆಕಿ ನಾಕು ಹೆಜ್ಜಿ ಎಳದಾಡಿ ಬಿದ್ದು ಮೊಣಕೈ ತರಚಿತು ಅಂದ್ರ, ಆಕಿ ತಡದಾಗ ಆ ತಡೆ ಮುರೀಲಿಕ್ಕೆ ಆಕಿ ಮ್ಯಾಲೆ ಬಲ ಹಾಕ್ದಂಗಾತು. ಅಲ್ಲಿಗೆ ದರೋಡೆ. ಗಾಯ ಆದ ದರೋಡೆ ಅಂದ್ರ 309(4) ಅಲ್ಲ, 309(6): ಜೀವಾವಧಿ, ಇಲ್ಲಾ ಹತ್ತು ವರ್ಷದ ತನಕ ಕಠಿಣ ಶಿಕ್ಷೆ. ಎಲುಬು ಮುರೀತು ಅಂದ್ರ ಅದು ಗ್ರೀವಸ್ ಹರ್ಟ್ (ತೀವ್ರ ಗಾಯ), ಆಗ ಕಲಂ 311 ಮ್ಯಾಲೆ ಬರ್ತದ, ಕನಿಷ್ಠ ಏಳು ವರ್ಷ. ಇವನ್ನ ಕೂಡಸದ ಬರೇ 309(4) ಹಾಕಿ ಬಿಡೋದು ಭಾಳ ಕಡೆ ನಡೀತದ, ನೋಡಿಕೋರಿ.

ಕೊಳ್ಳಾಗ ಕೆಂಪು ಬರೆ ಬಿದ್ರ? ಇಲ್ಲಿ ಎರಡೂ ಕಡೆ ವಾದ ಅದ. 309ರಾಗ ಗಾಯ ‘ಸ್ವಇಚ್ಛೆಯಿಂದ’ ಮಾಡಿರಬೇಕು ಅಂತದ, ಆ ಪದಕ್ಕ ಕಾನೂನಿನ ಅರ್ಥ ಅಗಲ ಅದ, ಗಾಯ ಆಗಬಹುದು ಅಂತ ನಂಬಲಿಕ್ಕೆ ಕಾರಣ ಇದ್ರೂ ಸಾಕು. ಓಡೋ ಬೈಕ್ ಮ್ಯಾಲಿಂದ ಎರಡು ತೊಲಿ ಸರ ಜಗ್ಗಿದ್ರ ಕೊಳ್ಳು ಕೊಯ್ತದ ಅಂತ ಯಾರಿಗೆ ಗೊತ್ತಿಲ್ಲ, ಅದಕ್ಕ ದರೋಡೆ ಅಂತ ಸರಕಾರಿ ವಕೀಲರು ಹೇಳ್ತಾರ. ಆರೋಪಿ ಕಡಿಯವರು, ಬರೆ ಬಿದ್ದದ್ದು ಜಗ್ಗಿದ್ದರ ಪರಿಣಾಮ ಅಷ್ಟ, ಅದು ಆ ಉದ್ದೇಶಕ್ಕ ಮಾಡಿದ್ದಲ್ಲ, ಇಂಥಾದ್ದಕ್ಕ ಅಂತನ 304 ಬರದಾರ ಅಂತಾರ. ನನಗ ಅನಸೋದು: ಬರೇ ಬರೆ ಆದ್ರ 304 ಜೊತಿ 115(2) ನಿಲ್ಲತದ. ಕಿವಿಯೋಲೆ ಜಗ್ಗಿ ಕಿವಿ ಹರೀತು, ಮೂಗಿನ ನತ್ತು ಕಿತ್ತು ಹೊಳ್ಳಿ ಹರೀತು ಅಂದ್ರ ಅದು ಖಂಡಿತ ದರೋಡೆ. ಮೂಗಿನ ನತ್ತು ಕಿತ್ತು ರಕ್ತ ಬಂದದ್ದನ್ನ ದರೋಡೆ ಅಂತ ಹಿಡದ ತೀರ್ಪು 19ನೇ ಶತಮಾನದಾಗನ ಬಂದದ.

ಸರ ಕೈಗೆ ಬರಲೇ ಇಲ್ಲ, ಜಗ್ಗಿ ಬಿಟ್ಟು ಓಡಿದ ಅಂದ್ರೂ ‘ಏನೂ ಹೋಗಿಲ್ಲಲ್ಲಾ’ ಅಂತ ವಾಪಸ್ ಬರಬ್ಯಾಡ್ರಿ. ಮೈಮ್ಯಾಲಿನ ವಸ್ತು ಕದೀಲಿಕ್ಕೆ ಕೈ ಮಾಡಿದ್ದಕ್ಕ ಕಲಂ 134 ಅದ, ಎರಡು ವರ್ಷದ ತನಕ. ಚಾಕು ತೋರಿಸಿ ಯತ್ನ ಮಾಡಿದ್ರ 309(5), ಏಳು ವರ್ಷದ ತನಕ.

ಕೋರ್ಟ್ ಸರ್ಕಲ್

ಸಪ್ತಾಪುರದವರೇ, ಕೊರಳ ಬರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಗಾಯದ ದಾಖಲೆ ಇದ್ದರೆ ದರೋಡೆಯ ಆರೋಪವನ್ನೇ ಹೊರಿಸುವುದು ಸರಿ. ದೊಡ್ಡ ಅಪರಾಧದ ಆರೋಪ ಹೊರಿಸಿ ಅದು ಸಾಬೀತಾಗದಿದ್ದರೆ, ಅದೇ ಸಾಕ್ಷ್ಯದ ಮೇಲೆ ಅದರೊಳಗಿನ ಸಣ್ಣ ಅಪರಾಧಕ್ಕೆ, ಅಂದರೆ ಕಳವಿಗೆ, ಶಿಕ್ಷೆ ಕೊಡಲು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕೇಸು ನಡೆಸುವ ಕ್ರಮದ ಕಾನೂನು) ಕಲಂ 245ರಲ್ಲಿ ದಾರಿ ಇದೆ. ಸಣ್ಣ ಆರೋಪ ಹೊರಿಸಿ ದೊಡ್ಡದಕ್ಕೆ ಶಿಕ್ಷೆ ಕೊಡಲಾಗದು. ಅದಕ್ಕೆ ಕಲಂ 239ರ ಕೆಳಗೆ ಆರೋಪವನ್ನೇ ಬದಲಿಸಿ, ಬೇಕಾದರೆ ಸಾಕ್ಷಿಗಳನ್ನು ಮತ್ತೆ ಕರೆಸಬೇಕು. ಸಾಕ್ಷಿ ಹೇಳಿ ಮನೆಗೆ ಹೋದ ಹೆಣ್ಣುಮಗಳನ್ನು ಎರಡು ವರ್ಷದ ಮೇಲೆ ಮತ್ತೊಮ್ಮೆ ಕಟಕಟೆಗೆ ಹತ್ತಿಸುವುದು ಅನ್ಯಾಯ.

ಇನ್ನೊಂದು ಮಾತು, ಫಿರ್ಯಾದಿದಾರರಿಗೆ ತಿಳಿದಿರಲಿ. 309(4)ಕ್ಕೆ ಹತ್ತು ವರ್ಷ ಎಂದು ಕಾಗದದ ಮೇಲೆ ಇದ್ದರೂ ಆ ಕೇಸು ನಡೆಯುವುದು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ. ಅಲ್ಲಿನ ನ್ಯಾಯಾಧೀಶರು ಕೊಡಬಹುದಾದದ್ದು ಮೂರು ವರ್ಷದ ತನಕ ಮಾತ್ರ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಬಿಎನ್‌ಎಸ್‌ಎಸ್ ಕಲಂ 364ರ ಕೆಳಗೆ ಸಿಜೆಎಂ (ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಅವರಿಗೆ ಕಳಿಸಬೇಕು, ಅವರು ಏಳು ವರ್ಷದ ತನಕ ಕೊಡಬಲ್ಲರು. 310 ಮತ್ತು 311 ಬಂದರೆ ಮಾತ್ರ ನೇರ ಸೆಷನ್ಸ್ ಕೋರ್ಟು.

ಅರ್ಜಿ ಬರಿಯಾಂವ, ಹುಬ್ಬಳ್ಳಿ

ಭಾಳ ಉಪಕಾರ ಆತ್ರೀ ಇಬ್ಬರಿಂದ. ಮೊಬೈಲ್ ಎಲ್ಲಿತ್ತು ಅನ್ನೋ ಮಾತು ಈ ತನಕ ಯಾರೂ ಹಿಂಗ ಬಿಡಿಸಿ ಹೇಳಿದ್ದಿಲ್ಲ. ಇನ್ನ ಎರಡು ಉಳದಾವ. 5,000ಕ್ಕಿಂತ ಕಡಿಮಿ ಇದ್ರ ಎಫ್‌ಐಆರ್ ಆಗೂದ ಇಲ್ಲ ಅಂತ ಹೇಳಿ ಕಳಸ್ತಾರ, ಅದು ಖರೇನ? ಮತ್ತ ಹೆದ್ದಾರಿ ಕೇಸಿನ ಬಗ್ಗೆ ಯಾರೂ ಹೇಳಲಿಲ್ಲ.

ಬೆಟಗೇರಿ

5,000ದ ಮಾತು ಅರ್ಧ ಖರೆ. 303(2)ಕ್ಕೆ ಒಂದು ಪರಂತುಕ (ವಿನಾಯಿತಿಯ ಷರತ್ತು) ಸೇರಿಸ್ಯಾರ: ವಸ್ತುವಿನ ಬೆಲಿ 5,000 ರೂಪಾಯಿಗಿಂತ ಕಡಿಮಿ ಇದ್ದು, ಆರೋಪಿಗೆ ಅದು ಮೊದಲನೇ ಸಲದ ಶಿಕ್ಷೆ ಆಗಿದ್ದು, ವಸ್ತು ಇಲ್ಲಾ ಅದರ ಬೆಲಿ ವಾಪಸ್ ಕೊಟ್ರ, ಸಮುದಾಯ ಸೇವೆ ಶಿಕ್ಷೆ. ಇಂಥಾದ್ದನ್ನ ಬಿಎನ್‌ಎಸ್‌ಎಸ್ ಅನುಸೂಚಿಯೊಳಗ ಅಸಂಜ್ಞೇಯ, ಜಾಮೀನು ಸಿಗೋ ಅಪರಾಧ ಅಂತ ಹಾಕ್ಯಾರ. ಅಸಂಜ್ಞೇಯ ಆದ್ರ ಕಲಂ 174ರ ಪ್ರಕಾರ ಎನ್‌ಸಿ (ಅಸಂಜ್ಞೇಯ ಅಪರಾಧದ) ಬುಕ್ಕಿನ್ಯಾಗ ಬರಕೊಂಡು ಮ್ಯಾಜಿಸ್ಟ್ರೇಟರ ಕಡೆ ಹೋಗ್ರಿ ಅಂತಾರ, ಅವರ ಅಪ್ಪಣೆ ಇಲ್ದ ತನಿಖೆ ಇಲ್ಲ. ಆದ್ರ ಫಿರ್ಯಾದಿ ಕೊಡೋ ಹೊತ್ತಿಗೆ ಕಳ್ಳ ಯಾರಂತನ ಗೊತ್ತಿರೂದಿಲ್ಲ. ಅವನಿಗೆ ಇದು ಮೊದಲನೇದೋ ನಾಲ್ಕನೇದೋ ಠಾಣೆಯವರಿಗೆ ಹೆಂಗ ತಿಳೀಬೇಕು?

ಗಟ್ಟಿಯಾಗಿ ನೆನಪಿಡಬೇಕಾದ್ದು ಏನಂದ್ರ, ಈ 5,000ದ ಮಿತಿ ಬರೇ 303ಕ್ಕ. ಸ್ನ್ಯಾಚಿಂಗ್‌ಗೆ ಇಲ್ಲ, ದರೋಡೆಗೆ ಇಲ್ಲ, ಕಲಂ 305ಕ್ಕೂ ಇಲ್ಲ. 2,000 ರೂಪಾಯಿ ಹಳೇ ಮೊಬೈಲ್ ಕೈಯಾಗಿಂದ ಕಸಕೊಂಡು ಓಡಿದ್ರೂ ಅದು 304. ಸಂಜ್ಞೇಯ, ಜಾಮೀನಿಗೆ ಹಕ್ಕಿಲ್ಲ, ಎಫ್‌ಐಆರ್ ಆಗಬೇಕು. ‘ಮೊಬೈಲ್ ಕಳವಾಗಿದೆ’ ಅಂತ ಬರದ್ರ 303 ಆಗಿ ಎನ್‌ಸಿ ಬುಕ್ಕಿಗೆ ಹೋಗತೈತಿ. ‘ಮಾತಾಡುತ್ತಿದ್ದಾಗ ಕೈಯಲ್ಲಿದ್ದ ಮೊಬೈಲನ್ನು ಏಕಾಏಕಿ ಕಸಿದುಕೊಂಡು ಓಡಿದ’ ಅಂತ, ಖರೇನ ಹಂಗ ಆಗಿದ್ರ, ಬರೀರಿ. ‘ಕಳೆದುಹೋಗಿದೆ’ ಅಂತ ಮಾತ್ರ ಎಂದೂ ಬರಿಬ್ಯಾಡ್ರಿ. ಕಳದ ವಸ್ತುವಿಗೆ ಇ-ಲಾಸ್ಟ್ ಅಂತ ಬ್ಯಾರೇನ ವ್ಯವಸ್ಥೆ ಐತಿ, ಅದರಾಗ ತನಿಖೆ ಇಲ್ಲ.

305 ಅಂದ್ರ ಏಳು ವರ್ಷದ ಕಳವು. ವಾಸದ ಮನಿ, ಮಾಲು ಇಡೋ ಕಟ್ಟಡ, ಗುಡಿಯೊಳಗಿನ ಮೂರ್ತಿ, ಸರಕಾರದ ಆಸ್ತಿ ಇವೆಲ್ಲಾ ಇದರಾಗ ಬರತಾವ. ಹೊಸಾದ್ದು ಏನಂದ್ರ, ಪ್ರಯಾಣಿಕರನ್ನ ಇಲ್ಲಾ ಮಾಲನ್ನ ಸಾಗಿಸೋ ವಾಹನ ಕದಿಯೋದು ಮತ್ತ ಅಂಥಾ ವಾಹನದಾಗಿಂದ ವಸ್ತು ಕದಿಯೋದು ಸೈತ 305. ಹಿಂಗಾಗಿ ಸಿಬಿಟಿ ಪ್ಲಾಟ್‌ಫಾರ್ಮಿನ ಮ್ಯಾಲೆ ಪರ್ಸ್ ಹೊಡದ್ರ 303(2), ಚಿಗರಿ ಬಸ್ಸಿನೊಳಗ ಹೊಡದ್ರ 305 ಅಂತ ಕೇಳ್ಲಿಕ್ಕೆ ಆಧಾರ ಐತಿ. ಬಸ್ ಹತ್ತೂಕಿಂತ ಮೊದಲೋ, ಹತ್ತಿದ ಮ್ಯಾಲೋ, ಯಾವ ಸ್ಟಾಪ್ ದಾಟಿದ ಮ್ಯಾಲೆ ಗೊತ್ತಾತು, ಟಿಕೆಟ್ ನಂಬರ್ ಏನು, ಇವನ್ನೆಲ್ಲ ಅರ್ಜಿಯೊಳಗ ಹಾಕ್ರಿ. ಬ್ಲೇಡ್ ಚೀಲಕ್ಕ ಅಷ್ಟ ಹಾಕಿದ್ರ ಅದು ಕಳವು. ಬ್ಲೇಡ್ ಹಾಕಾಂವ ಸಿಕ್ಕಿಬಿದ್ರ ಹೊಡೀಲಿಕ್ಕೆ ಅಂತ ಕಿಸೆದಾಗ ಚಾಕು ಇಟಗೊಂಡಿದ್ದ, ಇಲ್ಲಾ ತಡೀಲಿಕ್ಕೆ ಜೊತಿಗಾರರನ್ನ ಸುತ್ತ ನಿಂದ್ರಿಸಿದ್ದ ಅಂದ್ರ, ಚಾಕು ಹೊರಗ ಬರದಿದ್ರೂ ಕಲಂ 307, ಹತ್ತು ವರ್ಷದ ತನಕ. ಈ ಕಲಂ ಭಾಳ ಮಂದಿ ಮರೀತಾರ.

14 ದಿನದ ವಿಷಯಾನೂ ಹೇಳಿಬಿಡ್ತೀನಿ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆ ಇರೋ ಅಪರಾಧಕ್ಕ ಡಿವೈಎಸ್‌ಪಿ ದರ್ಜೆ ಅಧಿಕಾರಿ ಅನುಮತಿ ತಗೊಂಡು 14 ದಿನದಾಗ ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಬಿಎನ್‌ಎಸ್‌ಎಸ್ 173(3) ಹೇಳತೈತಿ. 303, 304 ಅದರಾಗ ಬೀಳತಾವ. 305, 309 ಬೀಳೂದಿಲ್ಲ. ದರೋಡೆ ಫಿರ್ಯಾದಿಗೆ ‘ವಿಚಾರಣೆ ಮಾಡಿ ನೋಡ್ತೀವಿ, 14 ದಿನ ಬಿಟ್ಟು ಬರ್ರಿ’ ಅನ್ನಂಗಿಲ್ಲ. ಎಫ್‌ಐಆರ್ ನಕಲು ಫಿರ್ಯಾದಿದಾರರಿಗೆ ಪುಕ್ಕಟೆ. ಠಾಣೆಯವರು ಫಿರ್ಯಾದಿ ತಗೊಳ್ಳಲಿಲ್ಲ ಅಂದ್ರ ಎಸ್‌ಪಿ ಇಲ್ಲಾ ಕಮಿಷನರ್ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್, ಅಲ್ಲೂ ಆಗಲಿಲ್ಲ ಅಂದ್ರ ಅಫಿಡವಿಟ್ ಸಮೇತ 175(3)ರಾಗ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ಬ್ಯಾಡಗಿ ರಸ್ತೆ, ಹಾವೇರಿ

ಹೆದ್ದಾರಿ ಕೇಸು. ಚಾಕು ತೋರಿಸಿ ಹಣ ಕಿತ್ತುಕೊಂಡರೆ 309(4), ಹತ್ತು ವರ್ಷದವರೆಗೆ. ಹೆದ್ದಾರಿಯ ಮೇಲೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವುದರೊಳಗೆ ನಡೆದರೆ 14 ವರ್ಷದವರೆಗೆ. ಆದ್ದರಿಂದ ‘ಸಾಯಂಕಾಲದ ಸುಮಾರಿಗೆ’ ಎಂದು ಬರೆಯಬಾರದು. ಜೂನ್‌ನಲ್ಲಿ 6.40ಕ್ಕೆ ನಮ್ಮ ಕಡೆ ಇನ್ನೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ಅದೇ ಹೊತ್ತಿಗೆ ಕತ್ತಲೆ. ಗಂಟೆ, ನಿಮಿಷ, ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ದಿಕ್ಕಿಗೆ ಮುಖ ಮಾಡಿ ಲಾರಿ ನಿಂತಿತ್ತು, ಸರ್ವಿಸ್ ರೋಡಿನಲ್ಲೋ ಮುಖ್ಯ ರಸ್ತೆಯಲ್ಲೋ ಎಂಬುದನ್ನೂ ಹಾಕಿ. ಟೋಲ್ ರಶೀದಿ ಮತ್ತು ಫಾಸ್ಟ್ಯಾಗ್ ಸಂದೇಶದಲ್ಲಿ ಸಮಯ ಇರುತ್ತದೆ, ಅಳಿಸಬೇಡಿ.

ಕಲಂ 311ರ ‘ಮಾರಕಾಸ್ತ್ರ ಬಳಸಿದರೆ’ ಎಂಬುದಕ್ಕೆ ಚುಚ್ಚಲೇಬೇಕು ಅಂತಿಲ್ಲ. ಕಾಣುವಂತೆ ಹಿಡಿದು ಹೆದರಿಸಿದರೂ ಬಳಸಿದಂತೆಯೇ, ಇದು 1975ರಿಂದ ಸುಪ್ರೀಂ ಕೋರ್ಟಿನ ನಿಲುವು. ಆದರೆ ಈ ಕನಿಷ್ಠ ಏಳು ವರ್ಷ ಆಯುಧ ಹಿಡಿದವನಿಗೆ ಮಾತ್ರ, ಜೊತೆಗೆ ಬಂದವರಿಗೆಲ್ಲ ಹಂಚಿಕೆಯಾಗುವುದಿಲ್ಲ. ಚಾಕು ಹಿಡಿದವನು ಯಾರು, ಬಾಗಿಲ ಕಡೆ ನಿಂತವನು ಯಾರು, ಕಿಸೆಗೆ ಕೈ ಹಾಕಿದವನು ಯಾರು ಎಂದು ಬೇರೆಬೇರೆ ಬರೆಯಬೇಕು. ಹೆಸರು ಗೊತ್ತಿಲ್ಲದಿದ್ದರೆ ‘ಕೆಂಪು ಟೀ ಶರ್ಟಿನವನು’, ‘ಕುಳ್ಳಗಿದ್ದವನು’ ಎಂದರೂ ಸಾಕು. ‘ಎಲ್ಲರೂ ಕೂಡಿ ಚಾಕು ತೋರಿಸಿದರು’ ಎಂದು ಬರೆದರೆ 311 ಯಾರ ಮೇಲೂ ನಿಲ್ಲುವುದಿಲ್ಲ.

ಎಣಿಕೆಯೂ ಅಷ್ಟೇ ಮುಖ್ಯ. ನಾಲ್ವರಾದರೆ ದರೋಡೆ, ಐವರಾದರೆ ಡಕಾಯಿತಿ, ಜೀವಾವಧಿಯ ತನಕ ಶಿಕ್ಷೆ. ಸ್ಥಳದಲ್ಲಿದ್ದು ನೆರವಾಗುವವನೂ ಎಣಿಕೆಗೆ ಬರುತ್ತಾನೆ, ಬೈಕ್ ಚಾಲೂ ಇಟ್ಟುಕೊಂಡು ಕಾಯುತ್ತಿದ್ದವನನ್ನು ಬಿಡಬೇಡಿ. ಮೂವರೇ ಸಿಕ್ಕರೂ ಡಕಾಯಿತಿ ಕೇಸು ನಿಲ್ಲುತ್ತದೆ, ಆದರೆ ಐವರಿಗೆ ಕಡಿಮೆ ಇಲ್ಲದಷ್ಟು ಜನ ಇದ್ದರೆಂದು ಕೋರ್ಟಿಗೆ ಮನವರಿಕೆ ಆಗಬೇಕು. ‘ನಾಲ್ಕೈದು ಜನ’ ಎಂದು ಬರೆದ ಅರ್ಜಿ ಅಲ್ಲಿ ಕೈಕೊಡುತ್ತದೆ. ನಾಲ್ವರನ್ನೇ ಕಂಡಿದ್ದರೆ ನಾಲ್ವರು ಎಂದೇ ಬರೆಯಿರಿ. ಇಲ್ಲದ ಐದನೆಯವನನ್ನು ಸೇರಿಸಿದರೆ ಪಾಟೀಸವಾಲಿನಲ್ಲಿ ಉಳಿದ ನಾಲ್ವರೂ ಹೊರಗೆ ಹೋಗುತ್ತಾರೆ.

ಅಂದಹಾಗೆ ಎಪಿಎಂಸಿ ಕಡೆಯವರಿಗೆ: ಗೋದಾಮಿನಿಂದ ಮೆಣಸಿನಕಾಯಿ ಚೀಲ ಹೊರಗಿನವರು ರಾತ್ರಿ ಕದ್ದರೆ 305, ಅಂಗಡಿಯ ಗುಮಾಸ್ತ ಅಥವಾ ಆಳು ಮಾಲೀಕರ ವಶದಲ್ಲಿದ್ದದ್ದನ್ನು ಕದ್ದರೆ 306, ನಂಬಿ ಅವನ ಸುಪರ್ದಿಗೇ ಕೊಟ್ಟದ್ದನ್ನು ಅವನು ನುಂಗಿದರೆ ಕಳವಲ್ಲ, ನಂಬಿಕೆ ದ್ರೋಹ, ಕಲಂ 316. ರಾತ್ರಿ ಬೀಗ ಮುರಿದು ಒಳನುಗ್ಗಿ ಕದ್ದರೆ ಜೊತೆಗೆ 331(4) ಬರುತ್ತದೆ, ಅದಕ್ಕೆ 14 ವರ್ಷದವರೆಗೆ ಇದೆ. ಯಾರೂ ಇಲ್ಲದ ಮನೆಯ ಬೀಗ ಮುರಿದದ್ದು ದರೋಡೆ ಅಲ್ಲ ಎಂದಕೂಡಲೇ ಅದು ಹಗುರ ಅಪರಾಧ ಎಂದುಕೊಳ್ಳಬಾರದು.

ಸಪ್ತಾಪುರ, ಧಾರವಾಡ

ಇನ್ನೊಂದು ನಮೂನಿ ಉಳೀತು. ‘ಮುಂದ ಗಲಾಟೆ ನಡದದ, ನಾವು ಪೊಲೀಸರು, ಬಂಗಾರ ತಗದು ಚೀಲದಾಗ ಇಡ್ರಿ ಅಜ್ಜಿ’ ಅಂತ ಹೇಳಿ, ಕಾಗದದಾಗ ಕಟ್ಟಿಕೊಡೋ ನೆವದಾಗ ಕಲ್ಲು ಕಟ್ಟಿಕೊಟ್ಟು ಹೋಗೋದು. ಇಲ್ಲಿ ಹೆದರಿಕೆ ಇಲ್ಲ, ಗಾಯ ಇಲ್ಲ, ದರೋಡೆ ಅಲ್ಲ. ಮೋಸಕ್ಕ 318(4), ಸರಕಾರಿ ನೌಕರನ ಸೋಗಿಗೆ 204, ಕಟ್ಟಲಿಕ್ಕೆ ಅಷ್ಟ ಕೊಟ್ಟಿದ್ದು, ಬಿಟ್ಟುಕೊಟ್ಟಿಲ್ಲ ಅನ್ನೋ ಕಾರಣಕ್ಕ 303 ಅಥವಾ ಅದರ ಮ್ಯಾಲಿನ ಕಳವಿನ ಕಲಂ. ಅಜ್ಜಿ ‘ನಾನಾಗೇ ಕೊಟ್ಟೆ’ ಅಂತ ಬರಸಿದ್ರ ಕಳವು ಬಿದ್ದುಹೋಗ್ತದ. ‘ಕಾಗದದಾಗ ಕಟ್ಟಿ ವಾಪಸ್ ಕೊಡ್ತೀನಿ ಅಂದದ್ದಕ್ಕ ಕೈಗೆ ಕೊಟ್ಟೆ’ ಅಂತ ಪೂರಾ ಬರೀಬೇಕು.

ಕೋರ್ಟ್ ಸರ್ಕಲ್

ಬರೆಯುವುದು ಹೇಗೆಂದು ಕೇಳಿದ್ದಿರಿ, ಒಂದು ಮಾದರಿ ಹಾಕುತ್ತೇನೆ. ಸಾಮಾನ್ಯವಾಗಿ ಬರುವ ಅರ್ಜಿ ಹೀಗಿರುತ್ತದೆ: ‘ಇಬ್ಬರು ಅಪರಿಚಿತರು ಬೈಕಿನಲ್ಲಿ ಬಂದು ನನ್ನ ಕೊರಳಲ್ಲಿದ್ದ ಚಿನ್ನದ ಸರವನ್ನು ದರೋಡೆ ಮಾಡಿಕೊಂಡು ಹೋಗಿದ್ದು, ಕ್ರಮ ಕೈಗೊಳ್ಳಬೇಕು.’ ಇದರಲ್ಲಿ ದರೋಡೆ ಎಂಬ ಪದ ಇದೆ, ದರೋಡೆಯ ಒಂದು ಅಂಶವೂ ಇಲ್ಲ. ಹೀಗೆ ಬರೆಯಬೇಕು:

‘ಬೆಳಿಗ್ಗೆ 6.20ಕ್ಕೆ ರಸ್ತೆಯ ಎಡಬದಿಯಲ್ಲಿ ನಡೆದು ಹೋಗುತ್ತಿದ್ದೆ. ಹಿಂದಿನಿಂದ ಕಪ್ಪು ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕುಳಿತವನು ಬಲಗೈಯಿಂದ ನನ್ನ ಸರಕ್ಕೆ ಕೈ ಹಾಕಿ ಎಳೆದ. ನಾನು ಎರಡೂ ಕೈಯಿಂದ ಸರ ಹಿಡಿದುಕೊಂಡೆ. ಅವನು ನನ್ನ ಭುಜಕ್ಕೆ ಗುದ್ದಿ ಮತ್ತೆ ಎಳೆದ. ನಾನು ಬಿದ್ದೆ. ಸರ ತುಂಡಾಗಿ ಮುಕ್ಕಾಲು ಭಾಗ ಅವನ ಕೈಗೆ ಹೋಯಿತು, ಉಳಿದದ್ದು ನನ್ನ ಬಳಿ ಇದೆ. ಬೈಕ್ ಓಡಿಸುತ್ತಿದ್ದವನು ಹೆಲ್ಮೆಟ್ ಹಾಕಿದ್ದ, ಹಿಂದಿನವನ ಮುಖ ನೋಡಿದ್ದೇನೆ, ಮತ್ತೆ ನೋಡಿದರೆ ಗುರುತಿಸುತ್ತೇನೆ. ಕುತ್ತಿಗೆಯ ಹಿಂದೆ ಮತ್ತು ಬಲ ಮೊಣಕೈಗೆ ತರಚು ಗಾಯವಾಗಿದೆ.’

ಗುದ್ದಿದ್ದು ಎರಡು ಎಳೆತಗಳ ನಡುವೆ ಎಂಬುದನ್ನು ಗಮನಿಸಿ. ‘ಆ ಉದ್ದೇಶಕ್ಕಾಗಿ’ ಎಂಬ ಕಾನೂನಿನ ಮಾತು ಆ ಒಂದು ವಾಕ್ಯದ ಜಾಗದಲ್ಲೇ ಕೂತಿದೆ. ಆಗದೇ ಇದ್ದದ್ದನ್ನು ಸೇರಿಸುವಂತಿಲ್ಲ. ಆದರೆ ಆದದ್ದನ್ನು ಬಿಟ್ಟು, ಒಂದು ವಾರದ ಮೇಲೆ ಮರುಹೇಳಿಕೆಯಲ್ಲಿ ‘ಗುದ್ದಿದ್ದ’ ಎಂದರೆ ಕೋರ್ಟಿನಲ್ಲಿ ಅದು ಆಮೇಲೆ ಸೇರಿಸಿದ ಮಾತಾಗಿಬಿಡುತ್ತದೆ.

ಗಾಯವನ್ನು ಅದೇ ದಿನ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ ಎಂಎಲ್‌ಸಿ (ಪೊಲೀಸ್ ಕೇಸಿನ ಗಾಯ ಎಂಬ ಆಸ್ಪತ್ರೆ ದಾಖಲೆ) ಮಾಡಿಸಿ, ವೂಂಡ್ ಸರ್ಟಿಫಿಕೇಟ್ ಬರುವಂತೆ ನೋಡಿಕೊಳ್ಳಿ. ಕಾನೂನಿನಲ್ಲಿ ಗಾಯ ಎಂದರೆ ದೇಹದ ನೋವೂ ಸೇರುತ್ತದೆ, ಆದರೆ ಬರೀ ನೋವನ್ನು ಸಾಬೀತು ಮಾಡುವುದು ಕಷ್ಟ, ಮೂರು ದಿನಕ್ಕೆ ತರಚಿದ್ದು ಮಾಯುತ್ತದೆ. ತುಂಡಾಗಿ ಉಳಿದ ಸರವನ್ನು ಅಕ್ಕಸಾಲಿಗರ ಹತ್ತಿರ ಒಯ್ದು ಬೆಸುಗೆ ಹಾಕಿಸಬೇಡಿ. ಪಂಚನಾಮೆಯಲ್ಲಿ ಅದು ಜಪ್ತಿಯಾಗಲಿ, ಕಡಿದ ಕೊಂಡಿಯೇ ಬಲ ಬಿದ್ದದ್ದಕ್ಕೆ ಸಾಕ್ಷಿ.

ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ಡಿವಿಆರ್ ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಯಾವ ಅಂಗಡಿ, ಯಾವ ಕಡೆಗಿನ ಕ್ಯಾಮೆರಾ ಎಂದು ಅರ್ಜಿಯಲ್ಲೇ ಬರೆದರೆ ತನಿಖಾಧಿಕಾರಿ ಬೇಗ ತೆಗೆಸುತ್ತಾರೆ. ಅದು ಸಾಕ್ಷ್ಯವಾಗಲು ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ, ಹ್ಯಾಶ್ ಮೌಲ್ಯದ (ಫೈಲು ತಿದ್ದಿಲ್ಲವೆಂದು ತೋರಿಸುವ ಗುರುತು) ಸಮೇತ, ಅದರ ಎರಡೂ ಭಾಗ ಬೇಕು. ಆ ತುಣುಕನ್ನು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿ ಫಿರ್ಯಾದಿದಾರರಿಗೇ ಹತ್ತು ಸಲ ತೋರಿಸುವುದು ಕೇಸಿಗೆ ಏಟು. ಆಮೇಲೆ ತಹಶೀಲ್ದಾರರ ಎದುರು ಗುರುತು ಪರೇಡ್ ನಡೆದಾಗ, ನೀವು ಗುರುತಿಸಿದ್ದು ಬೈಕಿನ ಮೇಲೆ ಕಂಡ ಮುಖವನ್ನಲ್ಲ, ಮೊಬೈಲಿನಲ್ಲಿ ಕಂಡ ಮುಖವನ್ನು ಎಂದು ವಾದಿಸುತ್ತಾರೆ.

ಬೆಟಗೇರಿ

ಬಂಗಾರ ಸಿಕ್ಕ ಮ್ಯಾಲೆ ಕೇಸು ಮುಗಿಯೋ ತನಕ ಕೋರ್ಟಿನ್ಯಾಗ ಕೊಳೀಬೇಕಂತಿಲ್ರೀ. ಬಿಎನ್‌ಎಸ್‌ಎಸ್ 497, 503ರಾಗ ಮಧ್ಯಂತರ ಕಸ್ಟಡಿಗೆ ಅರ್ಜಿ ಹಾಕ್ರಿ. ತೂಕದ ಪಂಚನಾಮೆ ಮಾಡಿ, ಫೋಟೊ ತಗದು, ಬಾಂಡ್ ಬರಸ್ಕೊಂಡು ವಸ್ತು ಬೇಗ ವಾಪಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟು 2002ರಾಗನ ಹೇಳೈತಿ. ಖರೀದಿ ಬಿಲ್ಲು ಇಲ್ಲಂದ್ರ ಅದೇ ಸರ ಹಾಕ್ಕೊಂಡ ಮದುವಿ ಫೋಟೊ, ಮಾಡಿಕೊಟ್ಟ ಅಕ್ಕಸಾಲಿಗರ ಹೇಳಿಕೆ ನಡೀತಾವ. ಕರಗಿಸಿ ಗಟ್ಟಿ ಮಾಡಿದ್ದು ಸಿಕ್ರ ತೂಕದ ಮ್ಯಾಲೆ ವಾದ ಬರತೈತಿ, ಅದಕ್ಕ ಮೊದಲನೇ ಅರ್ಜಿಯೊಳಗನ ಗ್ರಾಂ ಲೆಕ್ಕ, ಕರಿಮಣಿ ಎಷ್ಟು, ಗುಂಡು ಎಷ್ಟು, ತಾಳಿ ಯಾವ ನಮೂನಿ ಅಂತ ಬಿಡಿಬಿಡಿಯಾಗಿ ಬರಸ್ರಿ. ಮೊಬೈಲ್ ಆದ್ರ ಐಎಂಇಐ ನಂಬರ್ ಎರಡೂ ಬರದು, ಎಫ್‌ಐಆರ್ ಪ್ರತಿ ಹಚ್ಚಿ ಸಿಇಐಆರ್ (ಕಳವಾದ ಮೊಬೈಲ್ ಬಂದ್ ಮಾಡಸೋ ಸರಕಾರಿ) ಪೋರ್ಟಲ್‌ನಾಗ ಬ್ಲಾಕ್ ಮಾಡಸ್ರಿ.